ಹದಿನೆಂಟು ಟನ್ನಿನ ದೋಣಿ

ಸೈನ್ಯದವರು ಕೇಳಿದ್ದು ಒಂದು ಯಾದಿ, ಅಷ್ಟೇ. ಯುದ್ಧ ಬಂದು ಹೆದ್ದಾರಿಯ ಸೇತುವೆಗಳು ಹೋದವೆಂದರೆ ಭಟ್ಕಳ, ಹೊನ್ನಾವರ, ಕುಮಟೆಗಳ ನಡುವೆ ಅಕ್ಕಿ ಚೀಲ, ಡೀಸೆಲ್ ಪೀಪಾಯಿ, ಜವಾನರು ಎಲ್ಲವನ್ನೂ ನೀರಿನ ಮೇಲೆಯೇ ದಾಟಿಸಬೇಕು. ಅದಕ್ಕೆ ಯಾವ ದೋಣಿ ಎಲ್ಲಿದೆ, ಎಷ್ಟು ಟನ್ ಹೊರುತ್ತದೆ, ತೇಲಲು ಎಷ್ಟು ಅಡಿ ನೀರು ಬೇಕು, ಇಂಜಿನ್ನೋ ಹಾಯಿಯೋ, ನಡೆಸುವ ತಾಂಡೇಲ ಯಾರು ಎಂಬ ಯಾದಿ. ಮಳೆಗಾಲ ಮುಗಿಯುವುದರೊಳಗೆ ಅದು ಸಿದ್ಧವಾಗಬೇಕು. ಸಮುದ್ರ ಶಾಂತವಾದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಹೊನ್ನಾವರದ ಅಳಿವೆಯಲ್ಲಿ ಒಂದು ತಾಲೀಮು ನಡೆಸುವುದು ಅವರ ಯೋಜನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ದೋಣಿಗಳಿಗೆ ನಂಬರು ಕೊಡುವ ಒಂದು ಸಣ್ಣ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದೆ. ನನ್ನ ಅಕ್ಷರ ದುಂಡಗೆ ಇತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ನಮ್ಮ ಸಾಹೇಬರು ಆ ಅಕ್ಷರವನ್ನು ನೋಡಿಯೇ ಕೆಲಸವನ್ನು ನನ್ನ ಮೇಜಿಗೆ ತಳ್ಳಿದರು. ಮೂರು ಕಡೆ ಮೂರು ಪುಸ್ತಕಗಳಿವೆ, ಒಂದು ಮಾಡಿ ಕೊಟ್ಟರಾಯಿತು, ಹದಿನೈದು ದಿನದ ಕೆಲಸ ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಮೊದಲ ಪುಸ್ತಕ ನಮ್ಮದೇ. ಇಂಗ್ಲಿಷಿನಲ್ಲಿ, ದೋಣಿಯ ನಂಬರಿನ ಕ್ರಮದಲ್ಲಿ, ಭಾರ ಟನ್ನಿನಲ್ಲಿ. ಎರಡನೆಯದು ಕುಮಟೆಯ ಸುಂಕದ ಕಟ್ಟೆಯದು. ಮುಂಬಯಿ ಸರಕಾರದ ಕಾಲದಲ್ಲಿ ಶುರುವಾದ ಪುಸ್ತಕ, ಹಳೆಯ ಪುಟಗಳು ಮೋಡಿ ಲಿಪಿಯ ಮರಾಠಿಯಲ್ಲಿ, ಭಾರ ಖಂಡಿ ಎಂಬ ಹಳೆಯ ಅಳತೆಯಲ್ಲಿ. ಮೂರನೆಯದು ಭಟ್ಕಳದಲ್ಲಿ ಮೀನುಗಾರರ ಅನುಕೂಲ ನೋಡುವ ಒಂದು ಕಚೇರಿಯದು. ಅವರಿಗೆ ಟನ್ನೂ ಬೇಡ, ಖಂಡಿಯೂ ಬೇಡ. ದೋಣಿ ನಿಲ್ಲಲು ಧಕ್ಕೆ ಕಟ್ಟುವ ಆಲೋಚನೆಯಲ್ಲಿದ್ದರು, ಹಾಗಾಗಿ ದೋಣಿಯ ಉದ್ದ ಎಷ್ಟು, ಎಷ್ಟು ನೀರು ಬೇಕು ಎಂದಷ್ಟೇ ಅಡಿಗಳಲ್ಲಿ ಬರೆದುಕೊಂಡಿದ್ದರು.

ಸೈನ್ಯದ ನಮೂನೆಯಲ್ಲಿ ಉದ್ದದ ಕಾಲಮು ಇರಲಿಲ್ಲ. ಕೇಳದ್ದನ್ನು ಬರೆಯುವ ಅಭ್ಯಾಸ ನನಗೂ ಇರಲಿಲ್ಲ. ಉದ್ದವನ್ನು ಬಿಟ್ಟುಬಿಟ್ಟೆ.

ದಪ್ಪ ಕಾಗದದ ಚೀಟಿ ಕತ್ತರಿಸಿ ದೋಣಿಗೊಂದರಂತೆ ಮಾಡಿಕೊಂಡೆ. ಪ್ರತಿ ಚೀಟಿಯ ಅಂಚಿನಲ್ಲಿ ಸಾಲಾಗಿ ತೂತು. ಒಂದು ತೂತು ಹತ್ತು ಟನ್ನಿಗೆ ಮೇಲ್ಪಟ್ಟವಕ್ಕೆ, ಒಂದು ಮೂರು ಅಡಿಗಿಂತ ಕಡಿಮೆ ನೀರಿನಲ್ಲಿ ತೇಲುವವಕ್ಕೆ, ಒಂದು ಇಂಜಿನ್ ಇದ್ದವಕ್ಕೆ, ಹೀಗೆ. ಆ ಗುಣ ದೋಣಿಗಿದ್ದರೆ ತೂತನ್ನು ಅಂಚಿನವರೆಗೆ ಕತ್ತರಿಸಿಬಿಡುವುದು. ಆಮೇಲೆ ಇಡೀ ಕಟ್ಟನ್ನು ಹಿಡಿದು, ಬೇಕಾದ ತೂತಿನೊಳಗೆ ಒಂದು ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿದರೆ ಕತ್ತರಿಸಿದ ಚೀಟಿಗಳು ಉದುರುತ್ತವೆ, ಉಳಿದವು ಕಡ್ಡಿಯಲ್ಲಿ ನೇತಾಡುತ್ತವೆ. ಈ ಉಪಾಯವನ್ನು ಸೈನ್ಯದ ಉಗ್ರಾಣದಲ್ಲಿ ದುಡಿದು ಬಂದ ನನ್ನ ಭಾವ ಹೇಳಿಕೊಟ್ಟಿದ್ದ. ಕಡ್ಡಿಗೆ ಮುರಿದ ಕೊಡೆಯದೊಂದು ತಂತಿ. ಕಚೇರಿಯಲ್ಲಿ ಎಲ್ಲರಿಗೂ ನಗು. ಜ್ಯೋತಿಷ್ಯ ಯಾವಾಗಿಂದ ಶುರು ಮಾಡಿದ್ರಿ ಎಂದು ಕೇಳುವವರೇ ಹೆಚ್ಚು.

ಮೊದಲ ಪೆಟ್ಟು ಕುಮಟೆಯಲ್ಲಿ ಬಿತ್ತು. ನಾಲ್ಕು ಖಂಡಿಗೆ ಒಂದು ಟನ್ ಎಂದು ಹಿಡಿದು ಇನ್ನೂರು ಚೀಟಿ ಬರೆದು ಮುಗಿಸಿದ್ದೆ. ಮೋಡಿ ಅಕ್ಷರ ಓದಿ ಹೇಳಲು ಒಬ್ಬ ಹಳೆಯ ಕಾವಲುಗಾರರಿದ್ದರು, ಮನೆಯಲ್ಲಿ ಕೊಂಕಣಿ, ಕಟ್ಟೆಯಲ್ಲಿ ಕನ್ನಡ. ಅವರು ಸುಮ್ಮನೆ ಕೂತು ಓದುತ್ತಾ ಹೋದರು, ನಾನು ಭಾಗಿಸುತ್ತಾ ಹೋದೆ. ಮೂರನೆಯ ದಿನ ಎಲೆ ಮೆಲ್ಲುತ್ತಾ ಕೇಳಿದರು.

“ಇದು ಎಂತದ್ರ ಖಂಡಿ ಹೇಳಿ ಬರ್ಕಂಡ್ರಿ?”

“ಎಂತದ್ದು ಅಂದ್ರೆ? ಖಂಡಿ ಅಂದ್ರೆ ಖಂಡಿ.”

“ಅಲ್ಲಾ ಮಾರಾಯ್ರೆ, ಕೊಬ್ರಿ ಖಂಡಿ ತಕ್ಕಡೀಲಿ ತೂಗೂದು. ಅಕ್ಕಿ ಖಂಡಿ, ಉಪ್ಪಿನ ಖಂಡಿ ಕೊಳಗದಲ್ಲಿ ಅಳೆಯೂದು. ಎರಡೂ ಒಂದೇ ಆಗೂದು ಹೇಂಗೆ? ಬದಿಗೆ ಸಣ್ಣಕ್ಕೆ ಬರ್ದದೆ ಕಾಣಿ, ಯಾವ ದೋಣಿ ಎಂತ ಹೇರ್ತಿತ್ತು ಹೇಳಿ.”

“ಮೂರು ದಿನ ಬಾಯಿ ಮುಚ್ಕೊಂಡು ಕೂತಿದ್ರಲ್ಲ!” ಎಂದು ರೇಗಿದೆ.

“ನೀವು ಕೇಳ್ಲಿಲ್ಲ,” ಎಂದರು.

ಇನ್ನೂರು ಚೀಟಿಗಳನ್ನು ಹರಿದು ಹಾಕಿದೆ. ಸಿಟ್ಟು ಬಂದದ್ದು ಅವರ ಮೇಲೆ, ಆದರೆ ಅವರು ಹೇಳಿದ್ದು ಸರಿಯಾಗಿತ್ತು. ನಾನು ಪುಸ್ತಕವನ್ನು ಮಾತ್ರ ಕೇಳುತ್ತಿದ್ದೆ, ಎದುರಿಗಿದ್ದ ಮನುಷ್ಯನನ್ನಲ್ಲ. ಇಷ್ಟು ತಿಳಿದ ಮೇಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ.

ಮತ್ತೆ ಬರೆದೆ. ಮೂರೂ ಪುಸ್ತಕಗಳನ್ನು ದೋಣಿಯ ನಂಬರು ಹಿಡಿದು ಜೋಡಿಸಿದೆ. ಎಲ್ಲಿ ಎರಡು ಪುಸ್ತಕಗಳು ಒಂದೇ ಮಾತು ಹೇಳುತ್ತವೋ ಅಲ್ಲಿ ಹಸಿರು ಶಾಯಿಯ ಗುರುತು ಹಾಕಿದೆ, ಎರಡು ಸಾಕ್ಷಿ ಇದ್ದ ಮೇಲೆ ಇನ್ನೇನು ಬೇಕು ಎಂದು. ಒಂದು ಪುಸ್ತಕದಲ್ಲಿ ಖಾಲಿ ಇದ್ದ ಜಾಗವನ್ನು ಇನ್ನೊಂದರಿಂದ ತುಂಬಿದೆ. ನಮ್ಮಲ್ಲಿ ಭಾರ ಇತ್ತು, ಭಟ್ಕಳದಲ್ಲಿ ನೀರಿನ ಆಳ ಇತ್ತು. ಎರಡನ್ನೂ ಒಂದೇ ಚೀಟಿಯಲ್ಲಿ ಕೂರಿಸಿದಾಗ ಎಂಥ ಸಮಾಧಾನ! ಹದಿನೈದು ದಿನ ಹೋಗಿ ಎರಡು ತಿಂಗಳಾಗಿತ್ತು, ಹೊರಗೆ ಆಷಾಢದ ಮಳೆ ಹೊಯ್ಯುತ್ತಿತ್ತು.

ಸೈನ್ಯದ ಪರವಾಗಿ ನೌಕಾಪಡೆಯ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಉತ್ತರದವರು, ಹಿಂದಿ ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದರು. ಕೊಡೆಯ ತಂತಿಯನ್ನು ನೋಡಿ ನಗಲಿಲ್ಲ, ಕೈಗೆ ತೆಗೆದುಕೊಂಡರು. ಅವರ ಚಿಂತೆ ಇದ್ದದ್ದು ಅಳಿವೆಯ ಬಗ್ಗೆ. ಶರಾವತಿ ಸಮುದ್ರ ಸೇರುವಲ್ಲಿ ಮರಳು ದಿಬ್ಬಗಟ್ಟಿಕೊಂಡಿರುತ್ತದೆ, ಇಳಿತದ ಹೊತ್ತಿನಲ್ಲಿ ದೊಡ್ಡ ದೋಣಿ ತಳ ತಾಗಿ ನಿಲ್ಲುತ್ತದೆ, ಸಣ್ಣದು ಭಾರ ತಡೆಯುವುದಿಲ್ಲ. ಅವರು ಹತ್ತು ಟನ್ನಿನ ತೂತಿಗೆ ತಂತಿ ತೂರಿಸಿದರು. ಒಂದಷ್ಟು ಚೀಟಿ ಉದುರಿದವು. ಉದುರಿದವನ್ನು ಒಟ್ಟುಮಾಡಿ ಮೂರು ಅಡಿಯ ತೂತಿಗೆ ತೂರಿಸಿ ಎತ್ತಿದರು. ಒಂದೇ ಒಂದು ಚೀಟಿ ಮೇಜಿನ ಮೇಲೆ ಬಿತ್ತು.

ನಂಬರು ಮುನ್ನೂರ ಹದಿನೇಳು. ತೆಂಗಿನಗುಂಡಿ. ಹದಿನೆಂಟು ಟನ್ ಭಾರ, ಎರಡು ಅಡಿ ನೀರು ಸಾಕು. ಮೇಲೆ ಹಸಿರು ಗುರುತು.

ಇಂಥ ದೋಣಿಗಾಗಿಯೇ ತಾವು ಹುಡುಕುತ್ತಿದ್ದದ್ದು ಎಂದರು ಅಧಿಕಾರಿ. ತಾಲೀಮಿನಲ್ಲಿ ಅಳಿವೆ ದಾಟುವ ಮೊದಲ ದೋಣಿ ಅದೇ, ಅರವತ್ತು ಜವಾನರು, ಅವರ ಸಾಮಾನು ಸಮೇತ. ಜೊತೆಗೆ ಭಾರ ಸ್ವಲ್ಪ ಕಡಿಮೆಯಿದ್ದ ಇನ್ನೈದು ದೋಣಿಗಳನ್ನೂ ತಾವೇ ಆರಿಸಿ, ಆ ಆರೂ ತಾಂಡೇಲರಿಗೆ ಖುದ್ದಾಗಿ ನೋಟೀಸು ಮುಟ್ಟಿಸಿ ಎಂದು ನನ್ನ ಕೈಕುಲುಕಿ ಹೋದರು. ಸಾಹೇಬರು ಆ ದಿನ ಇಡೀ ಕಚೇರಿಗೆ ಚಹಾ ತರಿಸಿದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮೊದಲು ತೆಂಗಿನಗುಂಡಿಗೇ ಹೋದೆ. ಭಟ್ಕಳದ ಬಸ್ಸಿಳಿದು ನಡೆದು, ಕೇಳುತ್ತಾ ಕೇಳುತ್ತಾ ತಾಂಡೇಲರ ಮನೆ ಮುಟ್ಟುವಷ್ಟರಲ್ಲಿ ಮೈಯೆಲ್ಲ ಒದ್ದೆ. ಅರವತ್ತರ ಹತ್ತಿರದ ಒಣಕಲು ಮನುಷ್ಯ, ಮಾಡಿನ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದರು. ಮಚ್ವೆ ಎಲ್ಲಿ ಎಂದು ಕೇಳಿದೆ. ಮಚ್ವೆ ಎಂದರೆ ಹಿಂದೆ ಹಂಚು, ತೆಂಗಿನಕಾಯಿ ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ದೊಡ್ಡ ಹಾಯಿ ಹಡಗು. ಅವರು ಗದ್ದವೆತ್ತಿ ಅಂಗಳದಾಚೆ ತೋರಿಸಿದರು. ತೆಂಗಿನ ಮಡಲು ಹೊದೆಸಿಟ್ಟ ಒಂದು ಮೀನಿನ ದೋಣಿ ಇತ್ತು. ಹೆಜ್ಜೆ ಹಾಕಿ ಅಳೆದರೆ ಉದ್ದ ಎಂಟು ಹೆಜ್ಜೆಯೂ ಆಗಲಿಲ್ಲ.

“ಇದಲ್ಲ, ಮುನ್ನೂರ ಹದಿನೇಳು.”

“ಇದೇಯ. ಓದಿ ಕಾಣಿ. ನಂಬ್ರ ಅದೇ ಅಲ್ದಾ?”

ಮಡಲು ಸರಿಸಿ ನೋಡಿದೆ. ದೋಣಿಯ ಮೈಯೆಲ್ಲ ಹೊಸ ಮರ, ಮೂತಿಯ ಹತ್ತಿರ ಮಾತ್ರ ಕಪ್ಪಗಿನ ದಪ್ಪನೆಯ ಒಂದು ಹಲಗೆ. ಅದರ ಮೇಲೆ ಕೊರೆದ ಅಂಕಿ, ೩೧೭.

“ಅಪ್ಪನ ಮಚ್ವೆ ಒಡ್ದು ಹನ್ನೊಂದು ವರ್ಷ ಆತು,” ಎಂದರು ತಾಂಡೇಲರು. “ಹಳೇದ್ರ ಒಂದು ಹಲಗೆ ಹಾಕ್ದೆ ಹೊಸ ದೋಣಿ ನೀರಿಗಿಳ್ಸೂದಿಲ್ಲ ನಾವು. ಹಾಕೂದೇ ಆದ್ರೆ ನಂಬ್ರ ಇದ್ದ ಹಲಗೆ ಬಿಟ್ಟು ಬೇರೆದ್ದು ಎಂತಕ್ಕೆ ಹಾಕ್ಲಿ?”

“ಕಚೇರಿಗೆ ತಿಳಿಸ್ಬೇಕಿತ್ತಲ್ಲ.”

“ಎಂತ ತಿಳ್ಸೂದು? ವರ್ಷಾ ವರ್ಷಾ ನೀವೇ ಸರಿ ಅದೆ ಹೇಳಿ ಕಾಗ್ದ ಕೊಡ್ತ್ರಿ.”

ನೋಟೀಸು ಓದಿ ಹೇಳಿದೆ. ಅರವತ್ತು ಜನ ಎಂಬಲ್ಲಿ ಅವರ ಕೈಯ ಹಗ್ಗ ನಿಂತಿತು. ಮತ್ತೆ ಹೊಸೆಯತೊಡಗಿದರು.

“ಬರ್ತೆ. ಹೇಳಿದ ದಿನ ತರ್ತೆ.”

“ಅರವತ್ತು ಜನ ಇದ್ರಲ್ಲಿ? ಮುಳುಗ್ತದೆ!”

“ಮುಳುಗೂದು ಬಿಡೂದು ನಾನು ನೋಡ್ಕಳ್ತೆ. ಸರಕಾರದವ್ರು ಹತ್ಸಿ ಅಂದ್ರೆ ಹತ್ಸೂದು. ಆ ನಂಬ್ರದ ದೋಣಿ ಭಾರಕ್ಕೆ ಹೆದ್ರಿ ಹಿಂದೆ ಸರ್ದದ್ದಿಲ್ಲ. ನೀವು ನಂಬ್ರ ಒಂದು ಮುಟ್ಬೇಡಿ, ಕಾರ್ಕೂನ್ರೆ.”

ಯಾಕೆ ಮುಟ್ಟಬಾರದು ಎಂಬುದು ಮೆಲ್ಲಗೆ ಹೊರಬಂತು. ಮೀನಿನ ದೋಣಿಯ ನಂಬರಿನಲ್ಲಿ ಸಾಮಾನು ಸಾಗಿಸುವಂತಿಲ್ಲ, ಮಚ್ವೆಯ ನಂಬರಿನಲ್ಲಿ ಸಾಗಿಸಬಹುದು. ಮೀನು ಸಿಗದ ದಿನಗಳಲ್ಲಿ ಮಂಕಿಯಿಂದ ಭಟ್ಕಳಕ್ಕೆ ತೆಂಗಿನಕಾಯಿ ಸಾಗಿಸಿ ನಾಲ್ಕು ಆಳುಗಳ ಮನೆ ನಡೆಯುತ್ತಿತ್ತು. ಅದರ ಜೊತೆಗೆ ಅಪ್ಪನ ಹೆಸರು. ನಾನು ಬರೆದರೆ ಅವರ ಕೆಲಸ ಹೋಗುತ್ತದೆ, ಬರೆಯದಿದ್ದರೆ ಅವರು ಹಟಕ್ಕೆ ಬಿದ್ದು ಅರವತ್ತು ಜನರನ್ನು ಹತ್ತಿಸಿಕೊಂಡು ಅಳಿವೆಗೆ ಇಳಿಯುತ್ತಾರೆ. ಆ ಮನುಷ್ಯ ಇಳಿಯುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಉಳಿಯಲಿಲ್ಲ. ಒದ್ದೆ ಬಟ್ಟೆಯಲ್ಲೇ ವಾಪಸು ಬಸ್ಸು ಹತ್ತಿದೆ.

ಕಚೇರಿಗೆ ಬಂದು ನಮ್ಮ ಪುಸ್ತಕದ ಮುನ್ನೂರ ಹದಿನೇಳನೆಯ ಪುಟ ತೆರೆದೆ. ‘ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ’ ಎಂಬರ್ಥದ ಇಂಗ್ಲಿಷ್ ಸಾಲು ವರ್ಷಕ್ಕೊಂದರಂತೆ ಇತ್ತು. ಕೊನೆಯ ಒಂಬತ್ತು ಸಾಲು ನನ್ನದೇ ದುಂಡು ಅಕ್ಷರದಲ್ಲಿ. ಯಾರದೋ ಕೈಯಲ್ಲಿ ಕಾಗದ ಬರುತ್ತಿತ್ತು, ಹಿಂದಿನ ಸಾಲನ್ನು ನೋಡಿ ಮುಂದಿನ ಸಾಲು ಬರೆದು ಕಳಿಸುತ್ತಿದ್ದೆ. ಹನ್ನೊಂದು ವರ್ಷಗಳ ಹಿಂದೆ ಒಡೆದು ಹೋದ ಹಡಗನ್ನು ಒಂಬತ್ತು ಸಲ ಪರೀಕ್ಷಿಸಿದವನು ನಾನು. ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಲೆಕ್ಕವೂ ಇತ್ತು, ಹಿಂದಿನ ಯಾವನೋ ಕಾರಕೂನ ಕುಮಟೆಯ ಎಪ್ಪತ್ತೆರಡು ಖಂಡಿಯನ್ನು ನಾಲ್ಕರಿಂದ ಭಾಗಿಸಿ ಹದಿನೆಂಟು ಮಾಡಿದ್ದ. ಎರಡು ಪುಸ್ತಕಗಳ ಮಾತು ಒಂದೇ ಆಗಿದ್ದು ಇದಕ್ಕೆ. ಒಂದು ಇನ್ನೊಂದರ ನಕಲು. ಎರಡು ಸಾಕ್ಷಿ ಎಂದು ಹಸಿರು ಗುರುತು ಹಾಕಿದಲ್ಲಿ ಇದ್ದದ್ದು ಒಬ್ಬನೇ, ಅವನೂ ಸತ್ತ ಹಡಗಿನ ಬಗ್ಗೆ ಮಾತಾಡುತ್ತಿದ್ದ. ಭಟ್ಕಳದವರು ಕಡಲ ದಂಡೆಗೆ ಹೋಗಿ ಕಣ್ಣಾರೆ ನೋಡಿ ‘ಉದ್ದ ಇಪ್ಪತ್ತೆರಡು ಅಡಿ’ ಎಂದು ಬರೆದಿದ್ದರು. ನನ್ನನ್ನು ಎಚ್ಚರಿಸಬಹುದಾಗಿದ್ದ ಅದೊಂದು ಅಂಕಿಯನ್ನು ನಾನೇ ಬಿಟ್ಟಿದ್ದೆ. ಒಂದು ಪುಸ್ತಕದಿಂದ ಮಚ್ವೆಯ ಭಾರ, ಇನ್ನೊಂದರಿಂದ ಮೀನಿನ ದೋಣಿಯ ಹಗುರ, ಎರಡನ್ನೂ ಅಂಟಿಸಿ ಯಾವ ಆಚಾರಿಯೂ ಕಟ್ಟದ ದೋಣಿಯನ್ನು ಕಟ್ಟಿದ್ದೆ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಮುನ್ನೂರ ಹದಿನೇಳಕ್ಕೆ ದುರಸ್ತಿಯಲ್ಲಿದೆ ಅಂತ ಬರೀರಿ. ಮುಗೀತು. ಅವರು ಬೇರೆ ದೋಣಿ ತಗೋತಾರೆ. ತಾಂಡೇಲನ ನಂಬರೂ ಉಳೀತದೆ, ನಿಮ್ಮ ಒಂಬತ್ತು ಸಾಲೂ ಉಳೀತವೆ.”

ಕೆಟ್ಟ ಸಲಹೆ ಎನ್ನಲಾರೆ. ಎರಡು ದಿನ ಆ ಚೀಟಿಯನ್ನು ಮುಂದಿಟ್ಟುಕೊಂಡು ಕೂತೆ, ಒಮ್ಮೆ ‘ದುರ’ ಎಂದು ಬರೆದೂ ಬಿಟ್ಟೆ. ಆದರೆ ದುರಸ್ತಿಯಲ್ಲಿದೆ ಎಂದರೆ ಎಂದಾದರೂ ಸರಿಯಾಗುತ್ತದೆ ಎಂದರ್ಥ. ನಿಜವಾಗಿ ಯುದ್ಧ ಬಂದಾಗ ಯಾರೋ ಅದನ್ನು ಎಣಿಕೆಗೆ ಹಿಡಿಯುತ್ತಾರೆ. ಮತ್ತೆ ನಾನು ನೋಡಿದ್ದು ಒಂದೇ ದೋಣಿ. ಉಳಿದ ಹಸಿರು ಗುರುತುಗಳ ಕೆಳಗೆ ಏನಿದೆಯೋ ಯಾರಿಗೆ ಗೊತ್ತು? ಮೂರನೆಯ ದಿನ ಅಧಿಕಾರಿಗೆ ಪತ್ರ ಬರೆದೆ. ನಾನು ಕೊಟ್ಟ ಯಾದಿಯನ್ನು ಬಳಸಬಾರದು, ಅದರಲ್ಲಿರುವ ದೋಣಿಗಳನ್ನು ನಾನು ನೋಡಿಲ್ಲ, ನೋಡಿದ ಒಂದು ದೋಣಿ ಯಾದಿಯಲ್ಲಿದ್ದಂತಿಲ್ಲ ಎಂದು. ಒಂಬತ್ತು ಸಾಲುಗಳ ವಿಷಯವನ್ನೂ ಬರೆದೆ. ಸಾಹೇಬರು ಓದಿ, “ಸಹಿ ನೀವೇ ಮಾಡಿ,” ಎಂದರು. ಮಾಡಿದೆ. ನಂಬರು ಮುಟ್ಟಬೇಡಿ ಎಂದ ಮನುಷ್ಯನ ಮುಖ ಕಣ್ಣಿಗೆ ಕಟ್ಟಿತ್ತು.

ಅಧಿಕಾರಿಯ ಉತ್ತರ ಎರಡೇ ಸಾಲು. ಎಷ್ಟು ದಿನ ಬೇಕು ಎಂದು ಒಂದು. ದೋಣಿಯ ಉದ್ದ, ಅಗಲ, ಆಳ ಅಳೆದು ಭಾರ ಅಂದಾಜು ಮಾಡುವ ಸೂತ್ರ ಇನ್ನೊಂದು.

ಹಳೆಯ ಚೀಟಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಶುರು ಮಾಡಿದೆ. ಈ ಸಲ ನಿಯಮ ಒಂದೇ. ದೋಣಿಯ ಎದುರು ನಿಂತಲ್ಲದೆ ಚೀಟಿಯ ಮುಂಭಾಗದಲ್ಲಿ ಅಕ್ಷರ ಬರೆಯುವಂತಿಲ್ಲ. ಮೂರು ಪುಸ್ತಕಗಳು ಹೇಳಿದ್ದು ಹಿಂಭಾಗಕ್ಕೆ, ಮೂರು ಬೇರೆ ಬೇರೆ ಸಾಲಿನಲ್ಲಿ, ಒಂದನ್ನೊಂದು ತುಂಬಿಸದೆ. ಮಳೆಗಾಲವಾದ್ದರಿಂದ ದೋಣಿಗಳೆಲ್ಲ ದಡದ ಮೇಲೆ ಮಡಲು ಹೊದ್ದು ಮಲಗಿದ್ದವು, ಅಳೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಟ್ಟೆಯ ಟೇಪು ಎರಡೇ ದಿನಕ್ಕೆ ನೆನೆದು ಹಿಗ್ಗಿತು, ಆಮೇಲೆ ಅಡಿಗೊಂದು ಗೀಟು ಹಾಕಿದ ಬಿದಿರ ಗಳ. ಕುಮಟೆಯ ಕಡೆ ಆ ಹಳೆಯ ಕಾವಲುಗಾರರೇ ಜೊತೆಗೆ ಬಂದರು. ಅಘನಾಶಿನಿಯಿಂದ ಹಿಡಿದು ಭಟ್ಕಳದವರೆಗೆ, ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಭಟ್ಕಳದ ಕೆಲವು ದೋಣಿಗಳು ಮಳೆಗಾಲಕ್ಕೆ ಶರಾವತಿಯ ಒಳಗೆ ಬಂದು ತಂಗಿದ್ದವು, ಹಳೆಯ ಯಾದಿಯಲ್ಲಿ ಅವನ್ನು ನಾನು ಎರಡೂ ಊರಿನ ಲೆಕ್ಕಕ್ಕೆ ಸೇರಿಸಿದ್ದೆ. ಕಪ್ಪು ಹಲಗೆ ಹೊತ್ತ ಹೊಸ ದೋಣಿಗಳು ಇನ್ನೂ ಹತ್ತು ಸಿಕ್ಕಿದವು. ಅಧಿಕಾರಿ ಆರಿಸಿದ್ದ ಆರರಲ್ಲಿ ನಾಲ್ಕು ಅಂಥವೇ.

ಮುನ್ನೂರ ಹದಿನೇಳನ್ನು ಅಳೆಯಲು ಹೋದಾಗ ತಾಂಡೇಲರು ಹೊರಗೆ ಬರಲಿಲ್ಲ. ಸೂತ್ರದ ಪ್ರಕಾರ ಎರಡು ಟನ್ ಬಂತು.

ಆ ಹನ್ನೊಂದು ನಂಬರುಗಳೂ ರದ್ದಾದವು. ರೂಢಿಯಿಂದ ಹೀಗಾಗಿದೆ, ಮೋಸವಲ್ಲ, ಸಾಗಾಟದ ಪರವಾನಗಿ ಸಮೇತ ಹೊಸ ನಂಬರು ಕೊಡಬೇಕು ಎಂದು ಉದ್ದನೆಯ ಟಿಪ್ಪಣಿ ಬರೆದಿದ್ದೆ. ಅದು ಮೇಲಕ್ಕೆ ಹೋಗಿ ಯಾವುದೋ ಮೇಜಿನಲ್ಲಿ ಕೂತಿತು. ಪರವಾನಗಿ ಬಂದದ್ದು ಮುಂದಿನ ಬೇಸಗೆಗೆ. ನನಗೂ ಒಂದು ಮೆಮೋ ಬಂತು, ಬಡ್ತಿಯ ಸರದಿಯಲ್ಲಿ ಹಿಂದೆ ಬಿದ್ದೆ. ಅದರ ದುಃಖ ಅಷ್ಟಿರಲಿಲ್ಲ. ಆದರೆ ಒಂದು ದಿನ ಭಟ್ಕಳದ ಮೀನು ಪೇಟೆಯಲ್ಲಿ ತಾಂಡೇಲರು ಎದುರಾದರು. ನನ್ನನ್ನು ನೋಡಿದ್ದೇ ಬುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ತಿರುಗಿ ನಡೆದುಬಿಟ್ಟರು. ಅವರ ತೆಂಗಿನಕಾಯಿ ಸಾಗಾಟ ನಿಂತಿದೆ, ಇಬ್ಬರು ಆಳುಗಳು ಬೇರೆ ದೋಣಿಗೆ ಹೋಗಿದ್ದಾರೆ ಎಂದು ಯಾರೋ ಹೇಳಿದರು. ನಾನು ಸರಿಯಾದದ್ದನ್ನೇ ಮಾಡಿದ್ದೆ, ಆದರೂ ಕಳ್ಳನ ಹಾಗೆ ಮೀನು ಕೊಳ್ಳದೆ ಮನೆಗೆ ಬಂದೆ.

ಕಡಲಿಗೆ ಮತ್ತೆ ದೋಣಿ ಇಳಿಸುವ ನೂಲ ಹುಣ್ಣಿಮೆ ಕಳೆದು ಎರಡು ತಿಂಗಳಿಗೆ, ಒಂದು ಬೆಳಿಗ್ಗೆ, ತಾಲೀಮು ನಡೆಯಿತು. ಹೊನ್ನಾವರದ ಧಕ್ಕೆಯ ಮೇಲೆ ತಾಡಪಾಲಿನ ಕೆಳಗೆ ನನಗೊಂದು ಮೇಜು, ಮೇಜಿನ ಮೇಲೆ ಚೀಟಿಗಳ ಪೆಟ್ಟಿಗೆ. ದೋಣಿ ಬಂದು ನಿಂತಂತೆ ಚೀಟಿ ತೆಗೆದು ಅಧಿಕಾರಿಗೆ ಕೊಡುವುದು ನನ್ನ ಕೆಲಸ. ತೆಂಗಿನಗುಂಡಿಯ ದೋಣಿಯೂ ಬಂದಿತ್ತು. ಕಪ್ಪು ಹಲಗೆಯ ಅಂಕಿಯ ಮೇಲೆ ಬಣ್ಣ ಬಳಿದು ತಾತ್ಕಾಲಿಕ ನಂಬರು ಬರೆದಿದ್ದರು. ತಾಂಡೇಲರು ನನ್ನ ಕಡೆ ನೋಡಲಿಲ್ಲ.

ಎರಡು ಟನ್ನಿಗೆ ಕ್ವಿಂಟಲಿನ ಅಕ್ಕಿ ಚೀಲ ಇಪ್ಪತ್ತು. ಇಪ್ಪತ್ತು ತುಂಬಿದ ಮೇಲೂ ಜಾಗ ಕಂಡು ಹವಾಲ್ದಾರ ಇನ್ನೂ ಐದು ಎತ್ತಿಸಲು ಹೊರಟ. ಅಧಿಕಾರಿ ಚೀಟಿ ನೋಡಿ ಕೈಯೆತ್ತಿ ತಡೆದರು. ದೋಣಿ ಹೊರಟಿತು. ಹೊಳೆಯ ನೀರಿನಲ್ಲಿ ಸಲೀಸಾಗಿ ಹೋಯಿತು. ಅಳಿವೆಯ ಬಾಯಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತಿತ್ತು, ಸಮುದ್ರದ ತೆರೆ ಒಳಗೆ ಬರುತ್ತಿತ್ತು. ಎರಡೂ ಸೇರುವಲ್ಲಿ ದೋಣಿಯ ಮೂತಿ ಎದ್ದು ಬಿತ್ತು. ಅಂಚಿನ ಮೇಲಿನಿಂದ ನೀರು ಒಳಗೆ ಹೋದದ್ದು ದಡಕ್ಕೂ ಕಂಡಿತು. ಮತ್ತೊಂದು ತೆರೆ ಬಂದಾಗ ದೋಣಿ ಕಾಣಲೇ ಇಲ್ಲ. ನಾನು ಮೇಜು ಬಿಟ್ಟು ಎದ್ದು ನಿಂತಿದ್ದೆ. ಇದು ಇಪ್ಪತ್ತು ಚೀಲದ ಕಥೆ. ಅರವತ್ತು ಜನ ಇದ್ದಿದ್ದರೆ?

ದೋಣಿ ತೆರೆಯಾಚೆ ಎದ್ದಿತು. ದಾಟಿತು. ಆಚೆ ದಡದಲ್ಲಿ ಚೀಲ ಇಳಿಸಿ, ನೀರು ತೋಡಿ ಹಾಕಿ, ಮರಳಿ ಬಂದಿತು. ತಾಂಡೇಲರು ಧಕ್ಕೆ ಹತ್ತಿ, ಮೈಯಿಂದ ನೀರು ಸುರಿಯುತ್ತಿದ್ದಂತೆಯೇ ನೇರ ನನ್ನ ಮೇಜಿಗೆ ಬಂದರು. ಎಲ್ಲರೆದುರು ಬೈಯುತ್ತಾರೆ ಎಂದುಕೊಂಡೆ. ಬೈದರೆ ಬೈಸಿಕೊಳ್ಳಲು ತಯಾರಾಗಿಯೇ ಇದ್ದೆ.

“ನಂದು ತೆಗೀರಿ.”

ಚೀಟಿ ತೆಗೆದೆ.

“ಎಷ್ಟು ಬರ್ದದೆ?”

“ಎರಡು ಟನ್.”

ಅವರು ಮುಖದ ಮೇಲಿನ ನೀರು ಒರೆಸಿಕೊಂಡರು. “ಹೊಳೇಲಿ ಎರಡು ಹೊರ್ತದೆ. ಅಳಿವೇಲಿ ಹೊರೂದಿಲ್ಲ. ಒಂದೂವರೆ ಮಾಡಿ.”

ಎರಡಕ್ಕೆ ಕಾಟು ಹಾಕಿ ಒಂದೂವರೆ ಬರೆದೆ. ಪಕ್ಕದಲ್ಲಿ ‘ತಾಂಡೇಲರು ಹೇಳಿದ್ದು’ ಎಂದು ಬರೆದೆ. ಅವರು ಬಗ್ಗಿ ಅಂಕಿಯನ್ನು ನೋಡಿ, “ಆತು,” ಎಂದು ದೋಣಿಯ ಕಡೆ ಹೊರಟರು.

ತಲೆ ಎತ್ತಿದರೆ ಅವರು ನಿಂತಿದ್ದ ಜಾಗದಲ್ಲಿ ಮಂಕಿಯ ಇನ್ನೊಬ್ಬ ತಾಂಡೇಲ ನಿಂತಿದ್ದ.

“ನಮ್ದೂ ಹೆಚ್ಚೇ ಬರ್ದೀರಿ, ಕಾರ್ಕೂನ್ರೆ,” ಎಂದ.

ನಾನು ಅವನ ಚೀಟಿ ಹುಡುಕತೊಡಗಿದೆ.